ಗ್ರಂಥಾಲಯದಲ್ಲಿ ಕಾರ್ಯಕ್ರಮ: ಎರಡನೆಯ ಬಾರಿಯೂ ಜನ ಬರುವಂತೆ ನಡೆಸುವುದು ಹೇಗೆ?

ಗ್ರಂಥಾಲಯದಲ್ಲಿ ಒಂದು ಕಾರ್ಯಕ್ರಮ ನಡೆಸುವುದು ಅಷ್ಟೇನೂ ಕಷ್ಟವಲ್ಲ. ಹೆಸರುವಾಸಿಯಾದ ಒಬ್ಬರನ್ನು ಕರೆಸಿ, ಕುರ್ಚಿ ಹಾಕಿಸಿ, ಮೈಕ್ ಇಟ್ಟರೆ ಒಂದು ಸಂಜೆ ಹೇಗೋ ತುಂಬುತ್ತದೆ. ಮರುದಿನ ಬಾಡಿಗೆ ಕುರ್ಚಿಗಳು ವಾಪಸ್ಸು ಹೋಗುತ್ತವೆ. ಬಂದಿದ್ದವರಲ್ಲಿ ಒಬ್ಬರೂ ಕಪಾಟಿನ ಕಡೆ ತಿರುಗಿರುವುದಿಲ್ಲ, ಸದಸ್ಯತ್ವದ ಅರ್ಜಿ ಕೇಳಿರುವುದಿಲ್ಲ. ಕಷ್ಟವಿರುವುದು ಎರಡನೆಯ ಕಾರ್ಯಕ್ರಮದಲ್ಲಿ. ಯಾರೂ ನೆನಪಿಸದೆ ಅದೇ ಜನ ಮೂರನೆಯದಕ್ಕೂ ಬರುವಂತೆ ಮಾಡುವುದರಲ್ಲಿ. ಈ ಮಾರ್ಗದರ್ಶಿ ಬರೆದಿರುವುದು ಅದಕ್ಕಾಗಿ. ಇದನ್ನು ಗ್ರಂಥಪಾಲಕರೂ ಬಳಸಬಹುದು, ಆದರೆ ನನ್ನ ಕಣ್ಣ ಮುಂದಿರುವವರು ಪುಸ್ತಕ ಎರವಲು ಪಡೆಯಲು ಬರುವ, ‘ಇಲ್ಲಿ ಏನಾದರೂ ನಡೆಯಬೇಕಿತ್ತು’ ಎಂದುಕೊಂಡು ಮನೆಗೆ ಹೋಗುವ ಸಾಮಾನ್ಯ ಓದುಗರು.

1. ಮೊದಲು ಸುಮ್ಮನೆ ಕುಳಿತು ನೋಡಿ

ಏನು ಮಾಡಬೇಕೆಂದು ತೀರ್ಮಾನಿಸುವ ಮೊದಲು ಗ್ರಂಥಾಲಯದಲ್ಲಿ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ವಾರದ ದಿನಗಳಲ್ಲಿ ಕುಳಿತು ನೋಡಿ. ಬಾಗಿಲು ತೆರೆಯುವುದಕ್ಕೆ ಮೊದಲೇ ಪತ್ರಿಕೆಗಾಗಿ ಕಾದು ನಿಂತ ಹಿರಿಯರು, ದಿನವಿಡೀ ಒಂದೇ ಮೇಜಿಗೆ ಅಂಟಿಕೊಂಡು ಪರೀಕ್ಷೆಗೆ ಓದುವ ಯುವಕರು, ಶಾಲೆ ಬಿಟ್ಟ ಮೇಲೆ ಮಕ್ಕಳ ಕೈ ಹಿಡಿದು ಬರುವ ತಾಯಂದಿರು, ಕಂಪ್ಯೂಟರಿನ ಮುಂದೆ ಯಾವುದೋ ಅರ್ಜಿ ತುಂಬಲಾಗದೆ ಒದ್ದಾಡುವವರು, ಓದದೆ ಸುಮ್ಮನೆ ಕುಳಿತು ಹೋಗುವವರು. ಇವರಲ್ಲಿ ಯಾರು ಯಾವ ಹೊತ್ತಿಗೆ ಬರುತ್ತಾರೆ ಎಂಬುದನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಮುಂದೆ ದಿನ, ಸಮಯ ನಿಗದಿ ಮಾಡುವಾಗ ಆ ಹಾಳೆ ಯಾವ ಸಭೆಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನಾವಳಿ ಹಂಚುವ ಆಸೆ ಎಲ್ಲರಿಗೂ ಬರುತ್ತದೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ‘ಯಾವ ಕಾರ್ಯಕ್ರಮ ಬೇಕು?’ ಎಂದು ಅಚ್ಚು ಹಾಕಿಸಿ ಕೇಳಿದರೆ ಜನ ಮರ್ಯಾದೆಗೆ ‘ಸಾಹಿತ್ಯ ಉಪನ್ಯಾಸ’ ಎಂದು ಬರೆಯುತ್ತಾರೆ. ಉಪನ್ಯಾಸ ಇಟ್ಟ ದಿನ ಬರುವುದಿಲ್ಲ. ಅದರ ಬದಲು ಕೌಂಟರಿನ ಬಳಿ ಮಾತಿಗೆ ಸಿಕ್ಕವರನ್ನು ಮೂರು ವಿಷಯ ಕೇಳಿ. ನಿಮಗೆ ಯಾವ ದಿನ, ಯಾವ ಹೊತ್ತು ಬಿಡುವು? ಇಲ್ಲಿಗೆ ಬಂದು ಸಿಗದೆ ಹಿಂತಿರುಗಿದ್ದು ಏನು? ನಿಮಗೆ ಗೊತ್ತಿರುವ ಯಾವುದನ್ನು ಇನ್ನೊಬ್ಬರಿಗೆ ಕಲಿಸಬಲ್ಲಿರಿ? ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹಳೆಯ ಲಿಪಿ ಓದಬಲ್ಲವರು, ಪುಸ್ತಕದ ಬೆನ್ನು ಹೊಲಿಯಬಲ್ಲವರು, ನಕ್ಷತ್ರ ಗುರುತಿಸಬಲ್ಲವರು, ಚೆಸ್ ಆಡಬಲ್ಲವರು ಪ್ರತಿ ಗ್ರಂಥಾಲಯದಲ್ಲೂ ಇರುತ್ತಾರೆ. ಅವರನ್ನು ಅಲ್ಲಿಯವರೆಗೆ ಯಾರೂ ಕೇಳಿರುವುದಿಲ್ಲ, ಅಷ್ಟೇ.

ಇನ್ನೊಂದು ಕೆಲಸವಿದೆ. ಒಂದು ವರ್ಷದಿಂದ ಯಾರೂ ಮುಟ್ಟದ ಪುಸ್ತಕಗಳು ಯಾವ ಕಪಾಟಿನಲ್ಲಿವೆ ಎಂದು ಗ್ರಂಥಪಾಲಕರನ್ನು ಕೇಳಿ. ಎಸ್. ಆರ್. ರಂಗನಾಥನ್ 1931ರಲ್ಲಿ ಮಂಡಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು ‘ಪ್ರತಿ ಓದುಗನಿಗೂ ಅವನ ಪುಸ್ತಕ’, ಮೂರನೆಯದು ‘ಪ್ರತಿ ಪುಸ್ತಕಕ್ಕೂ ಅದರ ಓದುಗ’. ಎರಡನೆಯದನ್ನು ಕೌಂಟರು, ಸೂಚಿಪಟ್ಟಿ ನೋಡಿಕೊಳ್ಳುತ್ತವೆ. ಮೂರನೆಯದು ತಾನಾಗಿ ಆಗುವುದಿಲ್ಲ. ಪುಸ್ತಕವೇ ಎದ್ದು ಹೋಗಿ ಓದುಗನನ್ನು ಹುಡುಕಲಾರದು. ಕಾರ್ಯಕ್ರಮಗಳಿರುವುದು ಆ ಕೆಲಸಕ್ಕೆ. ಹೀಗಾಗಿ ಯಾವ ಚಟುವಟಿಕೆಯನ್ನು ಯೋಚಿಸಿದರೂ ‘ಇದು ಯಾವ ಕಪಾಟಿನ ಪುಸ್ತಕಗಳನ್ನು ಮೇಜಿನ ಮೇಲೆ ತರುತ್ತದೆ?’ ಎಂದು ಕೇಳಿಕೊಳ್ಳಿ. ಉತ್ತರವಿಲ್ಲದಿದ್ದರೆ ಆ ಕಾರ್ಯಕ್ರಮವನ್ನು ಬೇರೆ ಯಾವುದಾದರೂ ಸಭಾಂಗಣದಲ್ಲಿ ಮಾಡಬಹುದು.

2. ಗ್ರಂಥಪಾಲಕರ ಅಳುಕನ್ನು ಮೊದಲು ಕೇಳಿಸಿಕೊಳ್ಳಿ

ಉತ್ಸಾಹಿಗಳು ಎಡವುವುದು ಇಲ್ಲಿ. ಕೈತುಂಬ ಯೋಜನೆಗಳನ್ನು ಹಿಡಿದು ಹೋಗಿ ಗ್ರಂಥಪಾಲಕರ ಮುಂದೆ ಸುರಿಯುತ್ತಾರೆ. ಅವರು ‘ನೋಡೋಣ’ ಎನ್ನುತ್ತಾರೆ. ಆ ‘ನೋಡೋಣ’ದ ಹಿಂದೆ ಸೋಮಾರಿತನವಿದೆ ಎಂದು ಇವರು ತಿಳಿಯುತ್ತಾರೆ. ನಿಜವಾಗಿ ಅಲ್ಲಿರುವುದು ಬಹಳ ಸ್ಪಷ್ಟವಾದ ಪ್ರಶ್ನೆಗಳು. ಮುಚ್ಚುವ ಹೊತ್ತು ಮೀರಿದರೆ ಬೀಗದ ಕೈ ಯಾರ ಬಳಿ? ಪುಸ್ತಕ ಕಳೆದರೆ, ಪ್ರೊಜೆಕ್ಟರ್ ಕೆಟ್ಟರೆ ಹೊಣೆ ಯಾರದು? ಓದಲು ಬಂದವರು ಗಲಾಟೆಯೆಂದು ಮೇಲಧಿಕಾರಿಗೆ ದೂರು ಕೊಟ್ಟರೆ? ಕುರ್ಚಿ ಎತ್ತಿಡುವವರು ಯಾರು? ನೀವು ನಡುವೆ ಕೈಬಿಟ್ಟರೆ ಇದು ನನ್ನ ತಲೆಗೆ ಬರುತ್ತದೆಯೇ?

ಇವಕ್ಕೆಲ್ಲ ಉತ್ತರವಿರುವ ಒಂದೇ ಒಂದು ಪುಟದ ಪ್ರಸ್ತಾವ ಬರೆದುಕೊಂಡು ಹೋಗಿ. ಏನು, ಯಾರಿಗಾಗಿ, ಯಾವ ಜಾಗದಲ್ಲಿ, ಎಷ್ಟು ಹೊತ್ತು, ಹೆಚ್ಚೆಂದರೆ ಎಷ್ಟು ಜನ, ಯಾರು ನಡೆಸುತ್ತಾರೆ, ಅವರು ಬಾರದಿದ್ದರೆ ಬದಲಿ ಯಾರು, ಮುಗಿದ ಮೇಲೆ ಜಾಗವನ್ನು ಮೊದಲಿನಂತೆ ಮಾಡುವವರು ಯಾರು. ಒಮ್ಮೆಗೇ ವರ್ಷವಿಡೀ ಅನುಮತಿ ಕೇಳಬೇಡಿ. ಮೂರು ಬಾರಿ ನಡೆಸಿ ನೋಡುತ್ತೇವೆ, ಆಮೇಲೆ ನೀವು ಬೇಡವೆಂದರೆ ನಿಲ್ಲಿಸುತ್ತೇವೆ ಎಂದು ಬರೆದರೆ ‘ಹೂಂ’ ಎನ್ನುವುದು ಅವರಿಗೆ ಸುಲಭವಾಗುತ್ತದೆ. ಆ ‘ನಿಲ್ಲಿಸುತ್ತೇವೆ’ ಎಂಬ ಮಾತಿಗೆ ಬದ್ಧರಾಗಿರಿ.

ಪುಸ್ತಕ ಆರಿಸುವ ಕೆಲಸವನ್ನು ಗ್ರಂಥಪಾಲಕರಿಗೇ ಬಿಡಿ. ಅವರನ್ನು ದೀಪ, ಫ್ಯಾನು, ಬೀಗಕ್ಕೆ ಮಾತ್ರ ಕರೆಯುವ ಕಾರ್ಯಕ್ರಮ ಹೆಚ್ಚು ದಿನ ಉಳಿಯುವುದಿಲ್ಲ. ಯಾವ ಪುಸ್ತಕ ಯಾರ ಕೈಗೆ ಹೋದರೆ ತಿರುಗಿ ಬರುವುದಿಲ್ಲ ಎಂಬುದರಿಂದ ಹಿಡಿದು, ಯಾವ ಪುಸ್ತಕವನ್ನು ಹತ್ತು ವರ್ಷದ ಹುಡುಗಿ ಎರಡನೆಯ ಬಾರಿ ಕೇಳಿದಳು ಎಂಬುದರವರೆಗೆ ಅವರಿಗೆ ಗೊತ್ತಿರುವುದು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಈ ಹಂತದಲ್ಲೇ ಇನ್ನೊಂದು ವಿಷಯ ಬಗೆಹರಿಸಿಕೊಳ್ಳಿ: ಯಾರಿಗೆ ಜಾಗವಿಲ್ಲ? ಯುನೆಸ್ಕೊ 1949ರಲ್ಲಿ ಹೊರಡಿಸಿ, ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟವಾದ ಇಫ್ಲಾ ಜೊತೆಗೂಡಿ 1994 ಮತ್ತು 2022ರಲ್ಲಿ ಪರಿಷ್ಕರಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ, ಗ್ರಂಥಾಲಯದ ಸಂಗ್ರಹ ಮತ್ತು ಸೇವೆಗಳು ಸೈದ್ಧಾಂತಿಕ, ರಾಜಕೀಯ, ಧಾರ್ಮಿಕ ಸೆನ್ಸಾರಿಗೂ ವ್ಯಾಪಾರದ ಒತ್ತಡಕ್ಕೂ ಒಳಗಾಗಬಾರದು ಎನ್ನುತ್ತದೆ. ಕಾರ್ಯಕ್ರಮ ಜನಪ್ರಿಯವಾದ ಕೂಡಲೇ ಕೋಚಿಂಗ್ ಕೇಂದ್ರದವರೋ ಚುನಾವಣೆಗೆ ನಿಲ್ಲುವವರೋ ಪ್ರಾಯೋಜಕತ್ವದ ಮಾತು ತೆಗೆದುಕೊಂಡು ಬರುತ್ತಾರೆ. ಆಗ ನಿಯಮ ಬರೆಯಲು ಕುಳಿತರೆ ಅದು ಅವರೊಬ್ಬರ ವಿರುದ್ಧ ಬರೆದಂತೆ ಕಾಣುತ್ತದೆ. ಯಾರೂ ಕೇಳುವ ಮೊದಲೇ ಎರಡು ಸಾಲಿನ ನಿಯಮ ಬರೆದು ಗೋಡೆಗೆ ಅಂಟಿಸಿಬಿಡಿ.

3. ಯಾವುದರಿಂದ ಆರಂಭಿಸಬೇಕು?

ಅನುಮಾನವಿದ್ದರೆ ಮಕ್ಕಳ ಕಥಾಸಮಯದಿಂದ ಆರಂಭಿಸಿ. ಖರ್ಚಿಲ್ಲ, ಬೇಕಾದ ಪುಸ್ತಕ ಕಪಾಟಿನಲ್ಲೇ ಇದೆ, ಮಗು ಬಂದರೆ ಜೊತೆಗೆ ಒಬ್ಬರಾದರೂ ದೊಡ್ಡವರು ಬರುತ್ತಾರೆ. ಆದರೆ ‘ಮಕ್ಕಳಿಗಾಗಿ’ ಎಂದಷ್ಟೇ ಬರೆಯಬೇಡಿ. ಮೂರು ವರ್ಷದ ಮಗುವಿಗೂ ಒಂಬತ್ತು ವರ್ಷದ ಮಗುವಿಗೂ ಒಂದೇ ಕಥೆ ಸಲ್ಲುವುದಿಲ್ಲ. ವಯಸ್ಸನ್ನು ಸ್ಪಷ್ಟವಾಗಿ ಹಾಕಿ. ಶಾಲೆಗೆ ಸೇರದ ಚಿಕ್ಕವರಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ದೊಡ್ಡ ಚಿತ್ರಗಳಿರುವ ಎರಡು ಪುಸ್ತಕ, ನಡುವೆ ಕೈಕಾಲು ಆಡಿಸುವ ಒಂದು ಪದ್ಯ, ಕೊನೆಗೆ ಪುಸ್ತಕಗಳನ್ನು ಮಕ್ಕಳೇ ಮುಟ್ಟಿ ತಿರುವಿ ಹಾಕಲು ಒಂದಿಷ್ಟು ಹೊತ್ತು. ಈ ಕೊನೆಯ ಭಾಗವನ್ನು ಸಮಯವಿಲ್ಲವೆಂದು ಬಿಡಬೇಡಿ. ಎರವಲು ಹೋಗುವ ಪುಸ್ತಕಗಳೆಲ್ಲ ಅಲ್ಲಿಂದಲೇ ಹೋಗುತ್ತವೆ.

ಓದುವ ಬಗೆಯಲ್ಲೂ ವ್ಯತ್ಯಾಸವಿದೆ. ನಾಟಕೀಯವಾಗಿ ಓದಿ ಚಪ್ಪಾಳೆ ಗಿಟ್ಟಿಸುವುದು ಒಂದು. ನಡುನಡುವೆ ನಿಲ್ಲಿಸಿ, ‘ಇಲ್ಲಿ ಏನಾಗುತ್ತಿದೆ?’, ‘ಅವಳು ಏಕೆ ಓಡಿದಳು?’, ‘ನೀನಾಗಿದ್ದರೆ?’ ಎಂದು ಕೇಳುತ್ತ, ಮಗು ಕೊಟ್ಟ ಒಂದು ಪದದ ಉತ್ತರವನ್ನು ಸ್ವಲ್ಪ ಹಿಗ್ಗಿಸಿ ಹೇಳುತ್ತ ಹೋಗುವುದು ಇನ್ನೊಂದು. ಎರಡನೆಯದಕ್ಕೆ ಸಂವಾದಾತ್ಮಕ ಓದು ಎಂದು ಹೆಸರು. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಓದಿಸಿಕೊಂಡ ಎಳೆಯ ಮಕ್ಕಳ ಮಾತಿನ ಬೆಳವಣಿಗೆ ಬರೀ ಕೇಳಿಸಿಕೊಂಡ ಮಕ್ಕಳಿಗಿಂತ ಮುಂದಿತ್ತು. ಆ ಪ್ರಯೋಗದಲ್ಲಿ ಓದಿದವರು ತಂದೆತಾಯಿಗಳೇ. ಹಾಗಾಗಿ ಕಥಾಸಮಯದಲ್ಲಿ ದೊಡ್ಡವರನ್ನು ಹೊರಗೆ ಕೂರಿಸಬೇಡಿ. ಅವರು ಅದನ್ನು ನೋಡಿ ಮನೆಯಲ್ಲಿ ಮಾಡಬೇಕು. ‘ಕಳೆದ ವಾರದ ಕಥೆಯೇ ಬೇಕು’ ಎಂದು ಮಕ್ಕಳು ಹಟ ಮಾಡಿದರೆ ಅದನ್ನೇ ಓದಿ. ಬೇಸರವಾಗುವುದು ಓದುವವರಿಗೆ, ಕೇಳುವವರಿಗಲ್ಲ.

ಎರಡನೆಯ ಆಯ್ಕೆ ಓದುಕೂಟ. ಎಂಟರಿಂದ ಹನ್ನೆರಡು ಜನ ಸೇರಿದರೆ ಮಾತು ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ನಾಲ್ವರು ಮಾತನಾಡಿ ಉಳಿದವರು ಸಭಿಕರಾಗುತ್ತಾರೆ. ಎರಡು ಗುಂಪು ಮಾಡಿ. ಪುಸ್ತಕ ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ಹಿರಿಮೆಯಲ್ಲ, ಪ್ರತಿಗಳು ಎಷ್ಟಿವೆ ಎಂಬುದು. ಒಂದೇ ಪ್ರತಿಯಿರುವ ಕಾದಂಬರಿಯನ್ನು ಹತ್ತು ಜನ ಒಂದು ತಿಂಗಳಲ್ಲಿ ಓದಲಾರರು. ಬೇರೆ ಶಾಖೆಗಳಿಂದ ಪ್ರತಿ ತರಿಸಲು ಸಾಧ್ಯವೇ ಎಂದು ಕೇಳಿ. ಇಲ್ಲವಾದರೆ ಸಣ್ಣಕಥೆ, ಪ್ರಬಂಧ, ಒಂದು ಕವಿತೆ ಆರಿಸಿಕೊಳ್ಳಿ. ಇನ್ನೂ ಸುಲಭದ ದಾರಿಯೆಂದರೆ ಪುಸ್ತಕದ ಬದಲು ವಿಷಯ ಆರಿಸುವುದು: ಈ ಬಾರಿ ಪ್ರವಾಸ ಕಥನ, ಪ್ರತಿಯೊಬ್ಬರೂ ತಮಗೆ ಸಿಕ್ಕಿದ ಒಂದನ್ನು ಓದಿ ಬನ್ನಿ, ಐದೈದು ನಿಮಿಷ ಮಾತನಾಡಿ.

ಓದುಕೂಟ ನಡೆಸುವವರ ಕೆಲಸ ಪುಸ್ತಕವನ್ನು ವಿವರಿಸುವುದಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹೆಚ್ಚಿನ ಓದುಕೂಟಗಳು ತರಗತಿಯಾಗಿ ಬದಲಾಗಿಯೇ ಸಾಯುತ್ತವೆ. ಉತ್ತರ ಗೊತ್ತಿಲ್ಲದ ನಾಲ್ಕೈದು ಪ್ರಶ್ನೆ ಬರೆದುಕೊಂಡು ಬನ್ನಿ. ‘ಈ ಪುಸ್ತಕದ ಆಶಯವೇನು?’ ಎಂಬ ಪ್ರಶ್ನೆ ಎಲ್ಲರ ಬಾಯಿ ಮುಚ್ಚಿಸುತ್ತದೆ. ‘ಎಲ್ಲಿ ಓದುವುದನ್ನು ನಿಲ್ಲಿಸಬೇಕೆನಿಸಿತು?’ ಎಂಬ ಪ್ರಶ್ನೆ ಬಾಯಿ ಬಿಡಿಸುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಒಂದು ನಿಮಿಷ ಮಾತನಾಡಲಿ. ಆ ಸುತ್ತಿನಲ್ಲಿ ಒಮ್ಮೆ ದನಿ ತೆಗೆದವರು ಮತ್ತೆ ತೆಗೆಯುತ್ತಾರೆ. ಪೂರ್ತಿ ಓದಿ ಮುಗಿಸದವರಿಗೂ ಬಾಗಿಲು ತೆರೆದಿರಲಿ, ಆದರೆ ಅವರಿಗಾಗಿ ಕಥೆಯ ಕೊನೆಯನ್ನು ಮುಚ್ಚಿಡುವ ಹಂಗು ಬೇಡ. ಎಲ್ಲರಿಗಿಂತ ಹೆಚ್ಚು ಓದಿದವರೊಬ್ಬರು ಇರುತ್ತಾರೆ. ಅವರು ಮೊದಲು ಮಾತನಾಡಿದರೆ ಉಳಿದವರು ಸುಮ್ಮನಾಗುತ್ತಾರೆ. ಸುತ್ತು ಅವರಲ್ಲಿ ಮುಗಿಯುವಂತೆ ಕುರ್ಚಿ ಹಾಕಿ.

ಮಾತೇ ಬೇಡವೆನ್ನುವವರಿಗೆ ಮೌನ ಓದು ಇದೆ. ನಿಗದಿತ ಹೊತ್ತಿಗೆ ಬಂದು, ತಮ್ಮ ತಮ್ಮ ಪುಸ್ತಕ ಒಂದು ಗಂಟೆ ಓದಿ, ಬೇಕೆನಿಸಿದರೆ ಕೊನೆಗೆ ಒಂದಿಷ್ಟು ಮಾತನಾಡಿ ಹೋಗುವುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2012ರಲ್ಲಿ ಇಬ್ಬರು ಗೆಳತಿಯರು ಆರಂಭಿಸಿದ ಇಂಥ ಕೂಟ ಈಗ ಹಲವು ದೇಶಗಳಲ್ಲಿದೆ. ಇದಕ್ಕೆ ಬೇಕಾದ ತಯಾರಿ ಎಂದರೆ ಒಂದು ಫಲಕ.

ಊರಿಗೆ ಊರೇ ಒಂದು ಪುಸ್ತಕ ಓದುವ ಕಲ್ಪನೆ 1998ರಲ್ಲಿ ಸಿಯಾಟಲ್ ನಗರದಲ್ಲಿ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರಿಂದ ಶುರುವಾಯಿತು. ಕೇಳಲು ಆಕರ್ಷಕ. ಪ್ರತಿಗಳು, ಹಣ, ತಿಂಗಳುಗಟ್ಟಲೆ ತಯಾರಿ ಎಲ್ಲ ಬೇಕು. ಓದುಕೂಟವೊಂದು ಗಟ್ಟಿಯಾಗಿ ಎರಡು ವರ್ಷ ನಡೆದ ಮೇಲೆ ಇದರ ಮಾತು ಎತ್ತಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಚಟುವಟಿಕೆ ‘ಮಾನವ ಗ್ರಂಥಾಲಯ’. 2000ದಲ್ಲಿ ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದಲ್ಲಿ ಮೊದಲು ನಡೆದದ್ದು. ಇಲ್ಲಿ ಎರವಲು ಸಿಗುವುದು ಮನುಷ್ಯರು. ಜನ ಸಾಮಾನ್ಯವಾಗಿ ದೂರದಿಂದಲೇ ತೀರ್ಪು ಕೊಟ್ಟುಬಿಡುವ ಬದುಕನ್ನು ಬದುಕಿದವರು — ಕಣ್ಣು ಕಾಣದವರು, ವಲಸೆ ಬಂದವರು, ಜೈಲಿನಿಂದ ಹೊರಬಂದವರು, ಮಾನಸಿಕ ಕಾಯಿಲೆಯನ್ನು ಹಾದುಬಂದವರು — ಒಂದೊಂದು ಮೇಜಿನ ಬಳಿ ಕುಳಿತು, ಒಬ್ಬಿಬ್ಬರು ‘ಓದುಗ’ರೊಂದಿಗೆ ಸುಮಾರು ಅರ್ಧ ಗಂಟೆ ಮಾತನಾಡುತ್ತಾರೆ, ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಇದು ಸುಲಭವೆಂದು ಮಾತ್ರ ತಿಳಿಯಬೇಡಿ. ‘ಪುಸ್ತಕ’ಗಳಾಗುವವರನ್ನು ಮೊದಲೇ ಭೇಟಿಯಾಗಿ, ಯಾವ ಪ್ರಶ್ನೆಗೆ ಉತ್ತರಿಸಲು ಇಷ್ಟವಿಲ್ಲ ಎಂದು ಕೇಳಿ ತಿಳಿದಿರಬೇಕು. ನಡುವೆ ಎದ್ದು ಹೋಗುವ ಸ್ವಾತಂತ್ರ್ಯ ಅವರಿಗಿರಬೇಕು. ರೆಕಾರ್ಡಿಂಗ್, ಫೋಟೊ ಕೂಡದು. ನೋವು ಇನ್ನೂ ಹಸಿಯಾಗಿರುವವರನ್ನು ಕರೆಯಬೇಡಿ, ಅವರು ಒಪ್ಪಿದರೂ ಕರೆಯಬೇಡಿ. ಮಾನವ ಗ್ರಂಥಾಲಯದ ಹೆಸರು, ವಿಧಾನ ಒಂದು ಸಂಸ್ಥೆಯದ್ದಾದ್ದರಿಂದ ಅದೇ ಹೆಸರಿನಲ್ಲಿ ನಡೆಸುವುದಾದರೆ ಅವರನ್ನು ಸಂಪರ್ಕಿಸಿ.

ಊರಿನ ನೆನಪುಗಳನ್ನು ಸಂಗ್ರಹಿಸುವುದು ಇನ್ನೊಂದು ಒಳ್ಳೆಯ ಕೆಲಸ, ಹಿರಿಯರನ್ನು ಗ್ರಂಥಾಲಯಕ್ಕೆ ಕರೆತರಲು ಇದಕ್ಕಿಂತ ಉತ್ತಮ ದಾರಿ ನನಗೆ ಗೊತ್ತಿಲ್ಲ. ‘ಹಳೆಯ ಫೋಟೊ ತನ್ನಿ’ ಎಂದು ಒಂದು ದಿನ ಗೊತ್ತು ಮಾಡಿ. ಅಲ್ಲೇ ಸ್ಕ್ಯಾನ್ ಮಾಡಿ ಮೂಲವನ್ನು ಅವರ ಕೈಗೇ ಹಿಂತಿರುಗಿಸಿ; ಒಂದು ರಾತ್ರಿಯೂ ಇಟ್ಟುಕೊಳ್ಳಬೇಡಿ. ಸಣ್ಣ ಫೋಟೊಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಕಾಪಿಡುವ ಪ್ರತಿಯನ್ನು ಗುಣಮಟ್ಟ ಕುಂದದ ಟಿಫ್ ರೂಪದಲ್ಲಿ ಉಳಿಸಿ, ಹಂಚಲು ಬೇರೆ, ಚಿಕ್ಕ ಗಾತ್ರದ ಜೆಪೆಗ್ ಪ್ರತಿ ಮಾಡಿಕೊಳ್ಳಿ. ಫೋಟೊಗಿಂತ ಮುಖ್ಯವಾದದ್ದು ಅದರ ಹಿಂದಿನ ಮಾತು: ಯಾರು, ಎಲ್ಲಿ, ಯಾವ ವರ್ಷ, ತೆಗೆದವರು ಯಾರು. ಸ್ಕ್ಯಾನ್ ಆಗುವಷ್ಟರಲ್ಲಿ ಪಕ್ಕದಲ್ಲಿ ಒಬ್ಬರು ಕೇಳಿ ಬರೆದುಕೊಳ್ಳಬೇಕು. ಧ್ವನಿ ಮುದ್ರಿಸುವುದಾದರೆ ಗ್ರಂಥಾಲಯದ ಅತ್ಯಂತ ಮೂಲೆಯ ಕೋಣೆಯಲ್ಲಿ, ಫ್ಯಾನು ಆರಿಸಿ ಮುದ್ರಿಸಿ. ಎಲ್ಲಿ ಬಳಸುತ್ತೀರಿ, ಅಂತರಜಾಲದಲ್ಲಿ ಹಾಕುತ್ತೀರಾ ಎಂಬುದನ್ನು ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಿರಿ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಮೊಬೈಲ್, ಕಂಪ್ಯೂಟರ್ ಸಹಾಯದ ಮೇಜು: ತರಗತಿ ಮಾಡಬೇಡಿ, ಒಬ್ಬರಿಗೆ ಒಬ್ಬರಂತೆ ಕುಳಿತು ಅವರ ಸಮಸ್ಯೆಯನ್ನಷ್ಟೇ ಬಿಡಿಸಿ, ಪಾಸ್‌ವರ್ಡನ್ನು ಸಹಾಯಕರು ಯಾವತ್ತೂ ಟೈಪ್ ಮಾಡಬಾರದು. ರಿಪೇರಿ ಕೂಟ: 2009ರಲ್ಲಿ ಆಮ್ಸ್‌ಟರ್‌ಡ್ಯಾಮ್‌ನಲ್ಲಿ ಶುರುವಾದ ಮಾದರಿ, ಕೆಟ್ಟ ವಸ್ತು ತಂದವರು ಬಲ್ಲವರ ಪಕ್ಕದಲ್ಲಿ ಕುಳಿತು ಸರಿ ಮಾಡಿಕೊಳ್ಳುವುದು, ಗ್ರಂಥಾಲಯಕ್ಕೆ ಪುಸ್ತಕ ರಿಪೇರಿಯೇ ಸೂಕ್ತ, ವಿದ್ಯುತ್ ಉಪಕರಣವಾದರೆ ಸುರಕ್ಷತೆ ಬಲ್ಲವರು ಇರಲೇಬೇಕು. ವಿಕಿಪೀಡಿಯ ಸಂಪಾದನೆ: ಸಂಗ್ರಹದಲ್ಲಿರುವ ಪುಸ್ತಕಗಳನ್ನು ಮುಂದಿಟ್ಟುಕೊಂಡು ಲೇಖನಗಳಿಗೆ ಆಕರ ಸೇರಿಸುವುದು, ಕಾಲೇಜು ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ್ದು, ‘ಒಬ್ಬ ಗ್ರಂಥಪಾಲಕ, ಒಂದು ಆಕರ’ ಎಂಬ ಅಭಿಯಾನ 2016ರಿಂದ ನಡೆಯುತ್ತಿದೆ. ಲೇಖಕರ ಭಾಷಣ: ವರ್ಷಕ್ಕೆ ಒಂದೋ ಎರಡೋ ಸಾಕು.

4. ಸದ್ದು ಮತ್ತು ಸಮಯ

ಕಾರ್ಯಕ್ರಮವೆಂದರೆ ಸದ್ದು. ಓದಲು ಬಂದವರಿಗೆ ಅದು ಬೇಡ. ಈ ಜಗಳದಲ್ಲಿ ಇಬ್ಬರ ಪಕ್ಷದಲ್ಲೂ ನ್ಯಾಯವಿದೆ, ಹಾಗಾಗಿ ಗೋಡೆಯೇ ಇದನ್ನು ಬಿಡಿಸಬೇಕು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರಿನಲ್ಲಿ ತೆರೆದ ಊಡಿ ಗ್ರಂಥಾಲಯದಲ್ಲಿ ಸಭೆ, ಸಿನಿಮಾ ನೆಲಮಹಡಿಯಲ್ಲಿ, ಹೊಲಿಗೆ ಯಂತ್ರ, ಸ್ಟುಡಿಯೊ ನಡುವಿನ ಮಹಡಿಯಲ್ಲಿ, ಪುಸ್ತಕಗಳು ಮೇಲ್ಮಹಡಿಯಲ್ಲಿ. ಅಂಥ ಕಟ್ಟಡ ಎಲ್ಲರಿಗೂ ಸಿಗುವುದಿಲ್ಲ. ಒಂದೇ ಹಜಾರವಿರುವಲ್ಲಿ ಗೋಡೆಯ ಕೆಲಸವನ್ನು ವೇಳಾಪಟ್ಟಿ ಮಾಡಬೇಕು: ‘ಶನಿವಾರ ಹತ್ತರಿಂದ ಹನ್ನೊಂದು ಇಲ್ಲಿ ಮಕ್ಕಳ ಸದ್ದಿರುತ್ತದೆ’ ಎಂಬ ಫಲಕ ಒಂದು ತಿಂಗಳ ಮೊದಲೇ ಓದುವ ಮೇಜುಗಳ ಮೇಲಿರಲಿ. ಮುಂಚೆ ಗೊತ್ತಿದ್ದ ಸದ್ದನ್ನು ಜನ ಸಹಿಸುತ್ತಾರೆ. ತಲೆ ಎತ್ತಿ ನೋಡುವಷ್ಟರಲ್ಲಿ ಮೈಕ್ ಪರೀಕ್ಷೆ ಶುರುವಾದರೆ ಸಹಿಸುವುದಿಲ್ಲ. ದೊಡ್ಡ ಪರೀಕ್ಷೆಗಳ ತಿಂಗಳಲ್ಲಿ ಸದ್ದಿನ ಕಾರ್ಯಕ್ರಮಗಳಿಗೆ ರಜೆ ಕೊಡಿ. ಸಣ್ಣ ಗುಂಪಿಗೆ ಮೈಕ್ ಬೇಡವೇ ಬೇಡ, ಕಿವಿ ಮಂದವಾದವರಿಗೆ ಮುಂದೆ ಜಾಗ ಮಾಡಿ.

ದಿನ ಬದಲಾಯಿಸಬೇಡಿ. ‘ಪ್ರತಿ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಹತ್ತು’ ಎಂದರೆ ಅಷ್ಟೇ. ಅತಿಥಿಗೆ ಅನುಕೂಲವಿಲ್ಲವೆಂದು ಒಮ್ಮೆ ಭಾನುವಾರಕ್ಕೆ ಸರಿಸಿದರೆ, ಮುಂದಿನ ಶನಿವಾರ ಬರಬೇಕಿದ್ದವರು ‘ಈ ಸಲ ಎಂದೋ’ ಎಂದು ಮನೆಯಲ್ಲೇ ಉಳಿಯುತ್ತಾರೆ. ಅತಿಥಿಯನ್ನು ಬದಲಾಯಿಸಿ. ಅವಧಿ ಮಕ್ಕಳಿಗೆ ಅರ್ಧ ಗಂಟೆ, ದೊಡ್ಡವರಿಗೆ ಒಂದೂವರೆ ಗಂಟೆ ಮೀರಬಾರದು.

ನೆಪ ಬೇಕೆನ್ನುವವರಿಗೆ ಪಂಚಾಂಗದಲ್ಲಿ ದಿನಗಳಿವೆ: ಜನವರಿ 4 ಬ್ರೈಲ್ ದಿನ, ಫೆಬ್ರುವರಿ 21 ಮಾತೃಭಾಷಾ ದಿನ, ಏಪ್ರಿಲ್ 2 ಮಕ್ಕಳ ಪುಸ್ತಕ ದಿನ, ಏಪ್ರಿಲ್ 23 ಪುಸ್ತಕ ಮತ್ತು ಕೃತಿಸ್ವಾಮ್ಯ ದಿನ, ಸೆಪ್ಟೆಂಬರ್ 8 ಸಾಕ್ಷರತಾ ದಿನ. ಇವು ಒಂದು ದಿನದ ಆಚರಣೆಯಾಗಿ ಮುಗಿಯದಿರಲಿ. ಹೊಸ ಸರಣಿಯೊಂದರ ಮೊದಲ ದಿನವಾಗಿ ಬಳಸಿಕೊಳ್ಳಿ.

5. ಬಾರದವರಿಗೆ ಸುದ್ದಿ ಮುಟ್ಟಿಸುವುದು

ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ ಪೋಸ್ಟರನ್ನು ಓದುವವರು ಈಗಾಗಲೇ ಗ್ರಂಥಾಲಯಕ್ಕೆ ಬರುವವರು. ಉಳಿದವರು ಎಲ್ಲಿ ಕಾಯುತ್ತಾರೋ ಅಲ್ಲಿ ಸುದ್ದಿ ಇರಬೇಕು: ಆಸ್ಪತ್ರೆಯ ಸಾಲು, ಬಸ್ ನಿಲ್ದಾಣ, ಶಾಲೆಯ ಗೇಟು, ಕ್ಷೌರದ ಅಂಗಡಿ. ಪೋಸ್ಟರಿನಲ್ಲಿ ಏನು, ಯಾರಿಗೆ, ಯಾವಾಗ, ಎಲ್ಲಿ, ಉಚಿತವೇ, ಸದಸ್ಯರಾಗಿರಬೇಕೆ ಎಂಬ ಆರು ಸಂಗತಿ ದೊಡ್ಡ ಅಕ್ಷರದಲ್ಲಿರಲಿ. ಉದ್ಘಾಟಕರ ಹೆಸರು ಎಲ್ಲಕ್ಕಿಂತ ದೊಡ್ಡದಾಗಿರುವ ಪೋಸ್ಟರ್ ಉದ್ಘಾಟಕರನ್ನು ಮಾತ್ರ ಕರೆತರುತ್ತದೆ. ‘ಸದಸ್ಯರಲ್ಲದವರೂ ಬರಬಹುದು’ ಎಂಬ ಸಾಲನ್ನು ಮರೆಯಬೇಡಿ. ಗ್ರಂಥಾಲಯವೆಂದರೆ ಓದಿದವರ ಜಾಗ, ತಮ್ಮಂಥವರು ಒಳಗೆ ಹೋಗುವಂತಿಲ್ಲ ಎಂದು ತಿಳಿದವರು ನೀವು ಎಣಿಸಿದ್ದಕ್ಕಿಂತ ಹೆಚ್ಚಿದ್ದಾರೆ.

ಪೋಸ್ಟರಿಗಿಂತ ಹೆಚ್ಚು ಕೆಲಸ ಮಾಡುವುದು ಎರವಲು ಕೊಡುವಾಗ ಕೌಂಟರಿನಲ್ಲಿ ಹೇಳುವ ಒಂದು ವಾಕ್ಯ. ‘ಈ ಪುಸ್ತಕ ಇಷ್ಟವಾದರೆ ಶನಿವಾರ ಬನ್ನಿ, ಇದನ್ನೇ ಓದಿದ ಕೆಲವರು ಸೇರುತ್ತಾರೆ.’

6. ಹಕ್ಕು, ಒಪ್ಪಿಗೆ, ಮಕ್ಕಳ ಸುರಕ್ಷತೆ

ಸಿನಿಮಾ ತೋರಿಸುವ ಆಸೆ ಸಹಜ. ಆದರೆ ಮನೆಗೆಂದು ಪಡೆದ ಒಟಿಟಿ ಚಂದಾ ಅಥವಾ ಕೊಂಡ ಡಿವಿಡಿ ಮನೆಯಲ್ಲಿ ನೋಡಲಷ್ಟೇ. ಸಾರ್ವಜನಿಕವಾಗಿ ತೋರಿಸಲು ಸಾಮಾನ್ಯವಾಗಿ ಪ್ರತ್ಯೇಕ ಅನುಮತಿ ಬೇಕು, ಟಿಕೆಟ್ ಇಲ್ಲದಿದ್ದರೂ ಬೇಕು. ಕೃತಿಸ್ವಾಮ್ಯದ ಅವಧಿ ಮುಗಿದ ಚಿತ್ರಗಳು, ಮರುಬಳಕೆಗೆ ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರಗಳು, ನಿರ್ದೇಶಕರೇ ಒಪ್ಪಿಗೆ ಕೊಟ್ಟ ಕಿರುಚಿತ್ರಗಳು ಸುರಕ್ಷಿತ. ಕಥಾಸಮಯದ ವಿಡಿಯೊವನ್ನು ಅಂತರಜಾಲಕ್ಕೆ ಹಾಕುವಾಗಲೂ ಎಚ್ಚರ: ಕೋಣೆಯೊಳಗೆ ಓದುವುದು ಬೇರೆ, ಇಡೀ ಪುಸ್ತಕದ ಓದನ್ನು ಲೋಕಕ್ಕೆಲ್ಲ ಪ್ರಸಾರ ಮಾಡುವುದು ಬೇರೆ. ಪ್ರಕಾಶಕರನ್ನು ಕೇಳಿ, ಹೆಚ್ಚಿನವರು ಉತ್ತರಿಸುತ್ತಾರೆ.

ಮಕ್ಕಳ ಕಾರ್ಯಕ್ರಮದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಒಬ್ಬ ಸ್ವಯಂಸೇವಕರು ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಕೂಡದು. ಎಷ್ಟೇ ಪರಿಚಿತರಾದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ವಿನಾಯಿತಿ ಕೇಳುವವರಿದ್ದರೆ ಅವರನ್ನು ಬೇರೆ ಕೆಲಸಕ್ಕೆ ಹಚ್ಚಿ. ಯಾವ ವಯಸ್ಸಿನವರೆಗೆ ಪೋಷಕರು ಜೊತೆಗಿರಬೇಕು, ಮಗುವನ್ನು ಯಾರು ಕರೆದೊಯ್ಯಬಹುದು ಎಂಬುದು ಬರಹದಲ್ಲಿರಲಿ. ಫೋಟೊ ತೆಗೆಯುವ ಮೊದಲು ಪೋಷಕರನ್ನು ಕೇಳಿ. ಕ್ಯಾಮೆರಾ ಬೇಡವೆಂದವರ ಮಗುವನ್ನು ಮೂಲೆಗೆ ಸರಿಸಬೇಡಿ, ಕ್ಯಾಮೆರಾವನ್ನು ಸರಿಸಿ.

ಇನ್ನು ಬರಲಾಗದವರು. ಗಾಲಿಕುರ್ಚಿ ಹಾದುಹೋಗಲು ಕುರ್ಚಿಗಳ ನಡುವೆ 90 ಸೆಂಟಿಮೀಟರಿನಷ್ಟಾದರೂ ದಾರಿ ಬಿಡಿ. ಕಾರ್ಯಕ್ರಮ ಮೇಲ್ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ ಕೆಳಗೆ ತನ್ನಿ. ಹಂಚುವ ಹಾಳೆಗಳ ಕೆಲವು ಪ್ರತಿಗಳನ್ನು 16ರಿಂದ 18 ಪಾಯಿಂಟಿನ ಅಕ್ಷರದಲ್ಲಿ ಮುದ್ರಿಸಿ. ದೃಷ್ಟಿ ಇಲ್ಲದವರು ಓದುಕೂಟಕ್ಕೆ ಬರಲು ಬಯಸಿದರೆ ಅವರು ಓದಬಲ್ಲ ಬ್ರೈಲ್, ಧ್ವನಿ ಮುಂತಾದ ರೂಪದ ಪ್ರತಿ ಬೇಕಾಗುತ್ತದೆ. 2013ರಲ್ಲಿ ಅಂಗೀಕಾರವಾಗಿ 2016ರಿಂದ ಜಾರಿಯಲ್ಲಿರುವ ಮರಕೇಶ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅಂಥ ಪ್ರತಿಗಳನ್ನು ಅಧಿಕೃತ ಸಂಸ್ಥೆಗಳು ಸಿದ್ಧಪಡಿಸಲು, ಗಡಿಯಾಚೆಗೆ ಹಂಚಲು ಅವಕಾಶವಿದೆ. ಪ್ರತಿ ಸಿದ್ಧವಾಗಲು ವಾರಗಳು ಬೇಕು; ಹಾಗಾಗಿ ಮುಂದಿನ ಮೂರು ಪುಸ್ತಕಗಳ ಪಟ್ಟಿಯನ್ನು ಮೊದಲೇ ಪ್ರಕಟಿಸಿ.

7. ಆ ದಿನ

ಅರ್ಧ ಗಂಟೆ ಮೊದಲು ಬನ್ನಿ. ಕುರ್ಚಿಗಳನ್ನು ಸಾಲಾಗಿ ಹಾಕದೆ ವೃತ್ತವಾಗಿ ಹಾಕಿ. ಬರಬಹುದಾದ ಜನಕ್ಕಿಂತ ಕಡಿಮೆಯೇ ಹಾಕಿ, ಉಳಿದವನ್ನು ಮೂಲೆಯಲ್ಲಿ ಇಟ್ಟುಕೊಳ್ಳಿ. ಖಾಲಿ ಕುರ್ಚಿಗಳ ನಡುವೆ ಕುಳಿತವರಿಗೆ ತಪ್ಪು ಜಾಗಕ್ಕೆ ಬಂದೆವೆನಿಸುತ್ತದೆ. ವಿಷಯಕ್ಕೆ ಸಂಬಂಧಿಸಿದ ಇಪ್ಪತ್ತು ಮೂವತ್ತು ಪುಸ್ತಕಗಳನ್ನು ಮುಖಪುಟ ಕಾಣುವಂತೆ ಬಾಗಿಲ ಬಳಿಯ ಮೇಜಿನ ಮೇಲೆ ಜೋಡಿಸಿ, ಪಕ್ಕದಲ್ಲೇ ಸದಸ್ಯತ್ವದ ಅರ್ಜಿ ಮತ್ತು ಪೆನ್ನು ಇಡಿ. ಮುಗಿದ ಮೇಲೆ ಇಪ್ಪತ್ತು ನಿಮಿಷವಾದರೂ ಎರವಲು ಕೌಂಟರ್ ತೆರೆದಿರಬೇಕು.

ಬಾಗಿಲಲ್ಲಿ ಒಬ್ಬರು ನಿಂತಿರಲಿ. ಮೊದಲ ಬಾರಿ ಬಂದವರಿಗೆ ಎಲ್ಲಿ ಕೂರಬೇಕು, ಶೌಚಾಲಯ ಎಲ್ಲಿದೆ ಎಂದು ಹೇಳುವುದೇ ಅವರ ಕೆಲಸ. ಹೇಳಿದ ಹೊತ್ತಿಗೆ ಆರಂಭಿಸಿ, ಮೂವರೇ ಇದ್ದರೂ ಆರಂಭಿಸಿ. ತಡವಾಗಿ ಬರುವವರಿಗಾಗಿ ಕಾದರೆ ಸಮಯಕ್ಕೆ ಬಂದವರು ಮುಂದಿನ ಬಾರಿ ತಡವಾಗಿ ಬರುವುದನ್ನು ಕಲಿಯುತ್ತಾರೆ. ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ಮಾತು ಇವನ್ನೆಲ್ಲ ಕೈಬಿಟ್ಟರೆ ಮುಖ್ಯ ಕೆಲಸಕ್ಕೆ ಹೆಚ್ಚುಕಡಿಮೆ ಅರ್ಧ ಸಮಯ ಉಳಿಯುತ್ತದೆ. ಕೊನೆಗೆ ಮುಂದಿನ ದಿನಾಂಕ ಮತ್ತು ಮುಂದಿನ ಪುಸ್ತಕವನ್ನು ಹೇಳದೆ ಯಾರನ್ನೂ ಏಳಲು ಬಿಡಬೇಡಿ.

8. ಲೆಕ್ಕ, ಮತ್ತು ಯಾವಾಗ ನಿಲ್ಲಿಸಬೇಕು

ಬಂದವರ ತಲೆ ಎಣಿಕೆಯನ್ನು ಎಲ್ಲರೂ ಕೇಳುತ್ತಾರೆ, ಬರೆದಿಡಿ. ಅದರ ಜೊತೆ ಇನ್ನೂ ನಾಲ್ಕು ಸಂಗತಿ ಬರೆಯಿರಿ: ಮೊದಲ ಬಾರಿ ಬಂದವರು ಎಷ್ಟು, ಮತ್ತೆ ಬಂದವರು ಎಷ್ಟು, ಮೇಜಿನ ಮೇಲಿಟ್ಟ ಪುಸ್ತಕಗಳಲ್ಲಿ ಎರವಲು ಹೋದವು ಎಷ್ಟು, ಹೊಸ ಸದಸ್ಯರು ಎಷ್ಟು. ಎಪ್ಪತ್ತು ಜನ ಬಂದು ಒಂದು ಪುಸ್ತಕವೂ ಹೋಗದ ಸಂಜೆಗಿಂತ ಒಂಬತ್ತು ಜನ ಬಂದು ಏಳು ಪುಸ್ತಕ ಹೋದ ಬೆಳಿಗ್ಗೆ ದೊಡ್ಡದು. ಬಜೆಟ್ ಕೇಳಲು ಹೋಗುವಾಗ ಗ್ರಂಥಪಾಲಕರ ಕೈಯಲ್ಲಿ ಈ ಅಂಕಿಗಳಿದ್ದರೆ ಅವರ ಮಾತಿಗೆ ತೂಕ ಬರುತ್ತದೆ.

ಮೂರು ಬಾರಿ ನಡೆಸಿದ ಮೇಲೆ ಗ್ರಂಥಪಾಲಕರ ಜೊತೆ ಕುಳಿತು ನೋಡಿ. ಮತ್ತೆ ಬರುವವರು ಹೆಚ್ಚುತ್ತಿದ್ದರೆ ಮುಂದುವರಿಸಿ, ಒಟ್ಟು ಸಂಖ್ಯೆ ಚಿಕ್ಕದಾಗಿದ್ದರೂ ಮುಂದುವರಿಸಿ. ಪ್ರತಿ ಬಾರಿಯೂ ಹೊಸಬರೇ ಬಂದು ಯಾರೂ ತಿರುಗಿ ಬಾರದಿದ್ದರೆ ಪ್ರಚಾರ ಚೆನ್ನಾಗಿದೆ, ಕಾರ್ಯಕ್ರಮ ಚೆನ್ನಾಗಿಲ್ಲ, ಬಗೆಯನ್ನು ಬದಲಾಯಿಸಿ. ಯಾರೂ ಬಾರದಿದ್ದರೆ ಸಮಯವನ್ನು ಒಮ್ಮೆ ಬದಲಾಯಿಸಿ ನೋಡಿ, ಆಗಲೂ ಬಾರದಿದ್ದರೆ ನಿಲ್ಲಿಸಿ ಬಾಗಿಲಿಗೆ ಚೀಟಿ ಅಂಟಿಸಿ. ಚೀಟಿಯಿಲ್ಲದೆ ನಿಂತುಹೋದ ಕಾರ್ಯಕ್ರಮಕ್ಕೆ ಬಂದು ಬೀಗ ನೋಡಿ ಹಿಂತಿರುಗಿದವರು ಇನ್ನೊಂದಕ್ಕೆ ಬರುವುದಿಲ್ಲ.

ಚೆನ್ನಾಗಿ ನಡೆಯುತ್ತಿರುವುದಕ್ಕೂ ಒಂದು ಅಪಾಯವಿದೆ: ಅದು ನಿಮ್ಮೊಬ್ಬರ ಮೇಲೆ ನಿಂತಿರುವುದು. ಆರು ತಿಂಗಳೊಳಗೆ ಒಮ್ಮೆ ಬೇಕೆಂದೇ ಗೈರುಹಾಜರಾಗಿ, ಇನ್ನೊಬ್ಬರಿಂದ ನಡೆಸಿ ನೋಡಿ. ಬೀಗದ ಕೈ ಯಾರಲ್ಲಿದೆ, ಪ್ರೊಜೆಕ್ಟರಿನ ಯಾವ ತಂತಿ ಸಡಿಲ, ಯಾವ ಶಾಲೆಯ ಯಾವ ಶಿಕ್ಷಕರಿಗೆ ಹೇಳಿದರೆ ಸುದ್ದಿ ಮಕ್ಕಳಿಗೆ ಮುಟ್ಟುತ್ತದೆ, ಯಾರಿಗೆ ಮುಂದಿನ ಸಾಲಿನ ಕುರ್ಚಿ ಬೇಕು, ಯಾವ ಪುಸ್ತಕ ಈಗಾಗಲೇ ಆಗಿದೆ, ಯಾವುದು ಕೈಕೊಟ್ಟಿತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕೌಂಟರಿನ ಡ್ರಾಯರಿನಲ್ಲಿ ಇಡಿ. ಮನೆಗೆ ಒಯ್ಯಬೇಡಿ.